ಮೊದಲು ಹಿಡಿಕಂಬಿ, ಆಮೇಲೆ ಕಾರಂಜಿ

ನಿವೃತ್ತರಿಗಾಗಿಯೇ ಕಟ್ಟಿದ ವಸತಿ ಸಮುಚ್ಚಯಗಳು ಬೆಂಗಳೂರು, ಮೈಸೂರುಗಳಲ್ಲಿ ಈಗ ಅಪರೂಪವೇನಲ್ಲ. ಇಂಥ ಕಡೆ ನಿವಾಸಿಗಳು ಕಟ್ಟುವ ಹಣದಲ್ಲಿ ಒಂದು ಪಾಲು ಅಭಿವೃದ್ಧಿ ನಿಧಿಯಾಗಿ ಉಳಿದಿರುತ್ತದೆ. ಸರ್ವಸದಸ್ಯರ ಸಭೆ ಸೇರಿದಾಗ ಅದನ್ನು ಯಾವುದಕ್ಕೆ ಬಳಸಬೇಕೆಂಬ ಚರ್ಚೆ ಏಳುತ್ತದೆ. ಒಬ್ಬರು ಉದ್ಯಾನಕ್ಕೆ ಕಾರಂಜಿ ಬೇಕೆನ್ನುತ್ತಾರೆ. ಇನ್ನೊಬ್ಬರು ಸಭಾಂಗಣಕ್ಕೆ ಎ.ಸಿ., ಮತ್ತೊಬ್ಬರು ವ್ಯಾಯಾಮದ ಯಂತ್ರಗಳು. ಯಾವುದೂ ಕೆಟ್ಟದ್ದಲ್ಲ. ಆದರೆ ವೈದ್ಯರನ್ನು ಕೇಳಿದರೆ ಪಟ್ಟಿಯ ಮೊದಲ ಸಾಲಿನಲ್ಲಿ ಬರುವುದು ಬಚ್ಚಲುಮನೆ.

ಬೀಳುವುದು ಸಣ್ಣ ಸಂಗತಿಯಲ್ಲ

ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ, 65 ವರ್ಷ ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ಪ್ರತಿವರ್ಷ ಬೀಳುತ್ತಾರೆ. ವಯಸ್ಸು ಏರಿದಂತೆ ಈ ಪ್ರಮಾಣವೂ ಏರುತ್ತದೆ. ಕಾಲಿನ ಸ್ನಾಯುಗಳು ಸೊರಗಿರುತ್ತವೆ, ಮಬ್ಬು ಬೆಳಕಿಗೆ ಕಣ್ಣು ಬೇಗ ಹೊಂದಿಕೊಳ್ಳುವುದಿಲ್ಲ. ಮಲಗಿದವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ರಕ್ತದೊತ್ತಡದ ಮಾತ್ರೆ, ನಿದ್ರೆಯ ಮಾತ್ರೆಗಳಿಂದ ಇದು ಹೆಚ್ಚಾಗಬಹುದು. ರಾತ್ರಿ ಮೂತ್ರಕ್ಕೆಂದು ಎದ್ದು, ಕತ್ತಲಲ್ಲಿ ತಡಕಾಡುತ್ತ ಹೋಗಿ, ಒದ್ದೆ ನೆಲದ ಮೇಲೆ ಕಾಲಿಡುವಾಗ ಇವೆಲ್ಲವೂ ಒಟ್ಟಿಗೇ ಸೇರಿಕೊಳ್ಳುತ್ತವೆ.

ಯುವಕರು ಬಿದ್ದರೆ ಮೈ ಕೊಡವಿಕೊಂಡು ಏಳುತ್ತಾರೆ. ಮೂಳೆ ಟೊಳ್ಳಾದ ವಯಸ್ಸಿನಲ್ಲಿ, ಅದರಲ್ಲೂ ಮುಟ್ಟು ನಿಂತ ಮಹಿಳೆಯರಲ್ಲಿ, ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯುತ್ತದೆ. ಹಾಸಿಗೆ ಹಿಡಿದರೆ ಶ್ವಾಸಕೋಶದ ಸೋಂಕು, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆ ಒಂದರ ಹಿಂದೊಂದು ಬರಬಹುದು. ಹೀಗೆ ಮೂಳೆ ಮುರಿದುಕೊಂಡ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತಿಳಿಸುತ್ತವೆ. ಬದುಕುಳಿದವರಲ್ಲಿಯೂ ಅನೇಕರು ಮತ್ತೆ ಬಿದ್ದೇನೆಂಬ ಭಯಕ್ಕೆ ನಡೆಯುವುದನ್ನೇ ಬಿಡುತ್ತಾರೆ. ನಡೆಯದ ಕಾಲು ಇನ್ನಷ್ಟು ಸೊರಗುತ್ತದೆ.

ಸಭೆಗೆ ಬಾರದವರ ಮಾತು

ಇಲ್ಲಿ ಒಂದು ಸೂಕ್ಷ್ಮವಿದೆ. ಸಭೆಗೆ ಬಂದು ಕೈ ಎತ್ತುವವರು ಮೆಟ್ಟಿಲು ಹತ್ತಿ ಬರಲು ಶಕ್ತರಾದವರು. ಮಂಡಿನೋವಿನಿಂದ ಕೋಣೆಯಲ್ಲೇ ಉಳಿದ ಅಜ್ಜಿ, ಪಾರ್ಶ್ವವಾಯುವಾದ ಪತಿಯನ್ನು ಬಿಟ್ಟು ಬರಲಾಗದ ಹೆಂಡತಿ, ಕಿವಿ ಕೇಳದ ತಾತ ಅಲ್ಲಿ ಇರುವುದಿಲ್ಲ. ಬಹುಮತದ ನಿರ್ಣಯವಾದರೂ ಯಾರಿಗೆ ಹೆಚ್ಚು ಅಗತ್ಯವಿದೆಯೋ ಅವರ ಮಾತು ಅದರಲ್ಲಿ ಸೇರಿರುವುದಿಲ್ಲ. ಆದ್ದರಿಂದ ಸಭೆಗೆ ಮುನ್ನ ಸಮಿತಿಯ ಇಬ್ಬರು ಮನೆಮನೆಗೆ ಹೋಗಿ ಮೂರು ಪ್ರಶ್ನೆ ಕೇಳಲಿ: ಕಳೆದ ವರ್ಷ ಬಿದ್ದಿರಾ? ಎಲ್ಲಿ, ಯಾವ ಹೊತ್ತಿನಲ್ಲಿ? ಯಾವ ಜಾಗಕ್ಕೆ ಹೋಗಲು ಹೆದರುತ್ತೀರಿ? ಬಿದ್ದದ್ದನ್ನು ಹೇಳಿಕೊಳ್ಳಲು ಹಿರಿಯರು ನಾಚುತ್ತಾರೆ. ಮಕ್ಕಳಿಗೆ ಗೊತ್ತಾದರೆ ಓಡಾಟಕ್ಕೆ ಕಡಿವಾಣ ಬೀಳುತ್ತದೆಂಬ ಅಂಜಿಕೆಯೂ ಇರುತ್ತದೆ. ಹೆಸರು ಬರೆಯದೆ, ಜಾಗ ಮತ್ತು ಹೊತ್ತನ್ನು ಮಾತ್ರ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಮೊದಲು ಖರ್ಚು ಮಾಡಬೇಕಾದ ಜಾಗ ಅದರಿಂದಲೇ ತಿಳಿಯುತ್ತದೆ.

ಯಾವುದಕ್ಕೆ ಮೊದಲು?

1. ಬಚ್ಚಲು, ಶೌಚಾಲಯ: ಕಮೋಡಿನ ಪಕ್ಕದಲ್ಲೂ ಸ್ನಾನದ ಜಾಗದಲ್ಲೂ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕಂಬಿ ಬೇಕು. ಟವೆಲ್ ಹಾಕುವ ಸರಳು ಇದಕ್ಕೆ ಸಾಲದು. ಮೈಭಾರ ಬಿದ್ದರೆ ಕಿತ್ತುಬರುತ್ತದೆ. ಜಾರದ ನೆಲಹಾಸು, ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಇರಲಿ.

2. ಬೆಳಕು: ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿದೀಪ. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ.

3. ಮೆಟ್ಟಿಲು, ದಾರಿ: ಮೆಟ್ಟಿಲಿನ ಎರಡೂ ಬದಿಗೆ ಕಂಬಿ. ಗಾಲಿಕುರ್ಚಿಗೆ ರ‍್ಯಾಂಪ್ ಕಟ್ಟುವುದಾದರೆ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಅದೇ ಅಪಾಯಕಾರಿ.

4. ತುರ್ತು ವ್ಯವಸ್ಥೆ: ಹಾಸಿಗೆ ಮತ್ತು ಬಚ್ಚಲಿನಿಂದ ಕಾವಲುಗಾರನಿಗೆ ಕೇಳುವ ಕರೆಗಂಟೆ ಹಾಕಿಸಿ. ಬಿದ್ದವರ ಕೈಗೂ ನಿಲುಕುವಂತೆ ಬಚ್ಚಲಿನ ಗಂಟೆಯ ದಾರ ನೆಲದ ಹತ್ತಿರದವರೆಗೆ ಇಳಿದಿರಲಿ. ರಾತ್ರಿ 108ರ ಆಂಬುಲೆನ್ಸ್ ಬಂದರೆ ಗೇಟಿನ ಕೀಲಿ ಯಾರ ಬಳಿ ಇದೆ? ಸ್ಟ್ರೆಚರ್ ಲಿಫ್ಟಿನೊಳಗೆ ಹಿಡಿಸುತ್ತದೆಯೇ? ಒಮ್ಮೆ ಪರೀಕ್ಷಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ನಿವೃತ್ತರ ಗೃಹಗಳಿಗಾಗಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಹಿರಿಯರ ಸುರಕ್ಷತೆಗೆ ಬೇಕಾದ ಇಂಥ ಏರ್ಪಾಡುಗಳನ್ನು ಅದೂ ಹೇಳುತ್ತದೆ. ಸಭೆಯಲ್ಲಿ ವಾದ ಬೆಳೆದರೆ ಅದನ್ನು ಮುಂದಿಡಬಹುದು.

ಯಂತ್ರವೋ, ಮನುಷ್ಯರೋ?

ಇಸಿಜಿ ಯಂತ್ರ ಕೊಳ್ಳೋಣ ಎಂಬ ಸಲಹೆ ಹಲವೆಡೆ ಬರುತ್ತದೆ. ಅದನ್ನು ತೆಗೆಯುವವರು, ನೋಡಿ ಹೇಳುವವರು ಇಲ್ಲದಿದ್ದರೆ ಅದು ಬೀರುವಿನ ಪಾಲು. ಟ್ರೆಡ್‌ಮಿಲ್ ಕೂಡ ಗಟ್ಟಿಯಾಗಿರುವವರಿಗೇ ಹೆಚ್ಚು ಉಪಯೋಗ. ಅದೇ ಹಣದಲ್ಲಿ ವಾರಕ್ಕೆ ಎರಡು ಮೂರು ದಿನ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿ, ಕುರ್ಚಿಯಿಂದ ಏಳುವ ಕೂರುವ, ಆಸರೆಯಿಟ್ಟುಕೊಂಡು ಒಂಟಿ ಕಾಲಲ್ಲಿ ನಿಲ್ಲುವ ಸಮತೋಲನದ ವ್ಯಾಯಾಮಗಳನ್ನು ಕಲಿಸಬಹುದು. ಇಂಥ ವ್ಯಾಯಾಮದಿಂದ ಬೀಳುವ ಸಂದರ್ಭಗಳು ಸುಮಾರು ಕಾಲುಭಾಗದಷ್ಟು ಕಡಿಮೆಯಾಗುತ್ತವೆಂದು 2019ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ ತಿಳಿಸಿದೆ.

ಹಣವನ್ನೆಲ್ಲ ಒಂದೇ ಸಲ ಖಾಲಿ ಮಾಡಬೇಡಿ. ಒಂದು ಪಾಲನ್ನು ದುರಸ್ತಿಗೆಂದು ತೆಗೆದಿಡಿ. ಕೆಟ್ಟುಹೋದ ಕರೆಗಂಟೆಯನ್ನು ನಂಬಿಕೊಂಡಿರುವುದು ಗಂಟೆಯೇ ಇಲ್ಲದ್ದಕ್ಕಿಂತ ಅಪಾಯ. ಹಾಗೆಯೇ, ಮಾತ್ರೆಗಳಿಂದ ತಲೆ ಸುತ್ತುತ್ತಿದ್ದರೆ ಅವನ್ನು ನೀವಾಗಿ ನಿಲ್ಲಿಸದೆ ನಿಮ್ಮ ವೈದ್ಯರಿಗೆ ತಿಳಿಸಿ.

ಕೊನೆಯದಾಗಿ, ದೂರದೂರಿನಲ್ಲಿ, ಹೊರದೇಶದಲ್ಲಿ ಇರುವ ಮಕ್ಕಳಿಗೆ ಒಂದು ಮಾತು. ತಂದೆತಾಯಿ ಇರುವ ಕಡೆಗೆ ದೇಣಿಗೆ ಕೊಡುವ ಮನಸ್ಸಿದ್ದರೆ, ಹೆಸರು ಕೆತ್ತಿಸಬಹುದಾದ ಕಲ್ಲುಬೆಂಚಿನ ಬದಲು ಹಿಡಿಕಂಬಿಗಳ ಖರ್ಚು ವಹಿಸಿಕೊಳ್ಳಿ. ಅದರ ಮೇಲೆ ನಿಮ್ಮ ಹೆಸರಿರುವುದಿಲ್ಲ. ಆದರೆ ನಡುರಾತ್ರಿ ನಿಮ್ಮ ತಾಯಿಯ ಕೈಗೆ ಸಿಗುವುದು ಅದೇ.