ಅಲೆಯು ತರುವ ವಾರ್ತೆ

ನಮ್ಮ ಗೌನಿಪಲ್ಲಿಯ ಸೀಮೆಯಲ್ಲಿ ಜೀವನದಿಗಳಿಲ್ಲ; ಕೆರೆಗಳೇ ಆಧಾರ. ನಿಶ್ಚಲವಾದ ಕೆರೆಗೆ ಕಲ್ಲೊಂದನ್ನು ಎಸೆದರೆ ಅಲೆಗಳು ಬಳೆಬಳೆಯಾಗಿ ದಡದವರೆಗೂ ಬರುವುವು. ನೀರೇ ಹರಿದುಬಂದಂತೆ ತೋರಿದರೂ, ಮೇಲೆ ತೇಲುವ ತರಗೆಲೆಯು ಇದ್ದಲ್ಲಿಯೇ ಏಳುತ್ತ ಬೀಳುತ್ತ ಇರುವುದು. ದಡಕ್ಕೆ ಬಂದುದು ನೀರಲ್ಲ, ನೀರಿಗೆ ತಗುಲಿದ ಪೆಟ್ಟಿನ ವಾರ್ತೆ.

ಶಬ್ದವು ಕಿವಿಯನ್ನು ಮುಟ್ಟುವ ಬಗೆಯನ್ನು ವಿವರಿಸುವಾಗ ನಮ್ಮ ನೈಯಾಯಿಕರು ಈ ದೃಷ್ಟಾಂತವನ್ನೇ ಹಿಡಿದು ವೀಚೀತರಂಗ ನ್ಯಾಯವೆಂದು ಕರೆದರು. ಶಬ್ದವು ಆಕಾಶದ ಗುಣವೆಂದು ಅವರ ಮತ. ಗಾಳಿ, ನೀರು, ಕಲ್ಲು ಮೊದಲಾದ ವಸ್ತುಗಳಲ್ಲಿ ಅದು ಸಾಗುವುದೆಂದು ಇಂದಿನ ಭೌತಶಾಸ್ತ್ರವು ತೋರಿಸಿದೆ. ಅಲೆಯ ಉಪಮೆಯಾದರೋ ಇಂದಿಗೂ ಸಲ್ಲುತ್ತದೆ.

ಒಂದೇ ಕಡೆಯಿಂದ ಏಕಕಾಲಕ್ಕೆ ಹೊರಟ ಎರಡು ಅಲೆಗಳ ವೇಗವು ಬೇರೆಬೇರೆಯಾಗಿದ್ದರೆ ಅವು ಹಿಂದುಮುಂದಾಗಿ ಬಂದು ಸೇರುವುವು. ಆ ಅಂತರವೇ ದೂರವನ್ನಳೆಯುವ ಕೋಲು. ಮಿಂಚಿನ ಬೆಳಕು ಕಣ್ಣಿಗೆ ತತ್‌ಕ್ಷಣವೇ ಬೀಳುವುದು. ಗುಡುಗು ಸೆಕೆಂಡಿಗೆ ಸುಮಾರು ೩೪೦ ಮೀಟರಿನಂತೆ ನಡೆದುಬರುವುದು. ಮಿಂಚಿಗೂ ಗುಡುಗಿಗೂ ನಡುವೆ ೩ ಸೆಕೆಂಡು ಕಳೆದರೆ ಸಿಡಿಲು ಸುಮಾರು ೧ ಕಿಲೋಮೀಟರು ದೂರದಲ್ಲಿ ಇದ್ದಿತೆಂದು ತಿಳಿಯಬೇಕು.

ಈ ಲೆಕ್ಕವು ನಮ್ಮ ಜಿಲ್ಲೆಯ ನೆಲದಡಿಯಲ್ಲಿಯೂ ನಡೆದಿದೆ. ೨೦೦೧ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಎಂಬುದು ೩ ಕಿಲೋಮೀಟರಿಗಿಂತ ಆಳವಾಗಿದ್ದಿತು. ಅದಿರನ್ನು ತೆಗೆದ ಬಳಿಕ ಮೇಲಣ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬಿದ್ದು, ಅದು ಒಮ್ಮೆಲೆ ಸಿಡಿಯುತ್ತಿದ್ದಿತು. ಮೇಲಿನ ಮನೆಗಳು ನಡುಗುತ್ತಿದ್ದುವು. ಕೆಳಗೆ ಕೂಲಿಕಾರರ ಪ್ರಾಣಹಾನಿಯಾಗುತ್ತಿದ್ದಿತು. ಬಂಡೆಯು ಸಿಡಿದಾಗ ಹೊರಡುವ ಅಲೆಗಳು ಎರಡು ಬಗೆ. ಗಟ್ಟಿಕಲ್ಲಿನಲ್ಲಿ ಮೊದಲನೆಯದು ಸೆಕೆಂಡಿಗೆ ಸುಮಾರು ೬ ಕಿಲೋಮೀಟರು, ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರು ಸಾಗುವುದು. ಇವೆರಡರ ನಡುವೆ ಒಂದು ಸೆಕೆಂಡಿನ ಅಂತರವಿದ್ದರೆ ಸಿಡಿದ ತಾಣವು ಸುಮಾರು ೮ ಕಿಲೋಮೀಟರು ದೂರ. ಒಂದೇ ಯಂತ್ರವು ದೂರವನ್ನು ಮಾತ್ರ ಹೇಳಬಲ್ಲುದು; ಹಲವೆಡೆ ಇರಿಸಿದ ಜಿಯೋಫೋನುಗಳ ಲೆಕ್ಕವು ಕೂಡಿದಾಗ ಸ್ಥಳವೇ ಗೊತ್ತಾಗುವುದು. ಸಿಡಿಯುವ ಗಳಿಗೆಯನ್ನು ಮುಂದಾಗಿ ಹೇಳಲು ಇದರಿಂದಾಗದು. ಆದರೆ ಎಲ್ಲಿ ಬಂಡೆಯು ನಲುಗುತ್ತಿದೆ, ಎಲ್ಲಿ ಆಸರೆಯನ್ನು ಬಲಪಡಿಸಬೇಕು ಎಂಬುದಕ್ಕೆ ದಾರಿ ಸಿಕ್ಕಿತು.

೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಲ್ಲಿ ಈ ಶಾಸ್ತ್ರವು ಇನ್ನೂ ದೂರ ಕಿವಿಗೊಟ್ಟಿದೆ. ೧೯೬೫ರಲ್ಲಿ ಅಲ್ಲಿ ಸ್ಥಾಪಿತವಾದ ಕಂಪನಮಾಪಕಗಳ ಸಾಲುಗಳು ಎರಡು ತೋಳುಗಳಂತೆ ನೆಲದ ಮೇಲೆ ಚಾಚಿಕೊಂಡಿವೆ. ಅಲೆಯು ಯಾವ ಯಂತ್ರವನ್ನು ಮೊದಲು ಮುಟ್ಟಿತು, ಯಾವುದನ್ನು ಆಮೇಲೆ ಮುಟ್ಟಿತು ಎಂಬ ಕ್ರಮದಿಂದ ಅದು ಬಂದ ದಿಕ್ಕು ತಿಳಿಯುವುದು. ಪರದೇಶದ ಭೂಕಂಪಗಳೂ, ಗುಟ್ಟಾಗಿ ನಡೆಸಿದ ಪರಮಾಣು ಸ್ಫೋಟಗಳೂ ಇಂತಹ ಯಂತ್ರಗಳಿಗೆ ಮರೆಯಾಗಲಾರವು.

ಗೃಹಸ್ಥರಿಗೆ ಯಂತ್ರವೇಕೆ? ಎಣಿಸಲು ಬಂದರೆ ಸಾಕು. ನಮ್ಮ ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಕೀಳುವ ಕಾಲವೂ ಮುಂಗಾರಿಗೆ ಮುಂಚಿನ ಗುಡುಗುಮಳೆಯ ಕಾಲವೂ ಒಂದೇ. ಹನಿ ಬಿದ್ದೊಡನೆ ಆಳುಗಳು ಮರದಡಿಗೆ ಓಡುವರು; ಸಿಡಿಲಿಗೆ ಅದೇ ಅಪಾಯದ ಎಡೆ. ಮಿಂಚಿನಿಂದ ಗುಡುಗಿಗೆ ಮೂವತ್ತನ್ನು ಎಣಿಸುವುದರೊಳಗೆ ಸದ್ದು ಕೇಳಿಸಿದರೆ ಸಿಡಿಲು ೧೦ ಕಿಲೋಮೀಟರಿನ ಒಳಗಿದೆ. ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು. ಎಣಿಸಲು ಮರೆತರೂ ಚಿಂತೆಯಿಲ್ಲ, ಗುಡುಗು ಕೇಳಿಸಿದುದೇ ಎಚ್ಚರಿಕೆ. ಕಡೆಯ ಗುಡುಗಿನ ತರುವಾಯ ಅರ್ಧ ಗಂಟೆ ಕಾದು ಹೊರಡುವುದು ಕ್ಷೇಮ. ಮಕ್ಕಳಿಗೆ ಈ ಎಣಿಕೆಯನ್ನು ಇಂದೇ ಕಲಿಸಿರಿ.