ಸೈನಿಕನ ಸ್ಮೃತಿ ಮತ್ತು ಯುದ್ಧಚರಿತ್ರೆ: ಮಾರ್ಟಿನ್ ಮಿಡ್ಲ್‌ಬ್ರೂಕ್ ಅವರ ಸಾಧನೆ

ಯುದ್ಧಗಳ ಚರಿತ್ರೆಯು ಬಹುಮಟ್ಟಿಗೆ ಅರಸರ, ಸೇನಾಪತಿಗಳ ಹಾಗೂ ಒಪ್ಪಂದಗಳ ಚರಿತ್ರೆಯಾಗಿಯೇ ರಚಿತವಾಗಿದೆ. ತುರುಗೊಳ್ ಕಾಳಗದಲ್ಲಿ ಮಡಿದ ಸಾಮಾನ್ಯನ ಹೆಸರನ್ನೂ ಉಳಿಸಿಕೊಟ್ಟ ವೀರಗಲ್ಲುಗಳ ನಾಡಿನವರಿಗೆ ಈ ಕೊರತೆ ಸುಲಭವಾಗಿ ಅರ್ಥವಾಗುವಂತಹುದು. ಆಧುನಿಕ ಯುದ್ಧಚರಿತ್ರೆಯಲ್ಲಿ ಈ ಕೊರತೆಯನ್ನು ತುಂಬಲು ಶ್ರಮಿಸಿದವರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಮಿಡ್ಲ್‌ಬ್ರೂಕ್ ಪ್ರಮುಖರು.

1932ರಲ್ಲಿ ಲಿಂಕನ್‌ಷೈರಿನ ಬಾಸ್ಟನ್ ಪಟ್ಟಣದಲ್ಲಿ ಜನಿಸಿದ ಮಿಡ್ಲ್‌ಬ್ರೂಕ್ ವೃತ್ತಿಯಿಂದ ಕೋಳಿ ಸಾಕಣೆದಾರರು. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಿಂದ ಬಂದವರಲ್ಲ. 1967ರಲ್ಲಿ ಅವರು ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿನ ಮೊದಲ ಮಹಾಯುದ್ಧದ ರಣಭೂಮಿಗಳನ್ನು ಸಂದರ್ಶಿಸಿದರು. ಅಲ್ಲಿಯ ಸಮಾಧಿಗಳ ಸಾಲು ಅವರ ಮನಸ್ಸಿನ ಮೇಲೆ ಆಳವಾದ ಪರಿಣಾಮವನ್ನು ಬೀರಿತು. ಅದರ ಫಲವಾಗಿ 'ದಿ ಫಸ್ಟ್ ಡೇ ಆನ್ ದಿ ಸೋಮ್' ಎಂಬ ಗ್ರಂಥವು 1971ರಲ್ಲಿ ಪ್ರಕಟವಾಯಿತು.

ಗ್ರಂಥದ ವಸ್ತು ಒಂದೇ ದಿನ: 1916ರ ಜುಲೈ 1. ಏಳು ದಿನಗಳ ಕಾಲ ನಡೆದ ಫಿರಂಗಿ ದಾಳಿಯಲ್ಲಿ ಸುಮಾರು 15 ಲಕ್ಷ ಗುಂಡುಗಳನ್ನು ಹಾರಿಸಲಾಗಿತ್ತು. ಆದರೂ ಜರ್ಮನರ ಮುಳ್ಳುತಂತಿಯ ಬೇಲಿಗಳು ಅನೇಕ ಕಡೆ ತುಂಡಾಗಿರಲಿಲ್ಲ. ನೆಲದಾಳದ ಅಡಗುದಾಣಗಳಲ್ಲಿ ಜರ್ಮನ್ ಸೈನಿಕರು ಉಳಿದುಕೊಂಡಿದ್ದರು. ಬೆಳಿಗ್ಗೆ 7.30ಕ್ಕೆ ಬ್ರಿಟಿಷ್ ಪದಾತಿಗಳು ಕಂದಕಗಳಿಂದ ಮೇಲೆದ್ದು ಮುನ್ನಡೆದಾಗ ಯಂತ್ರಬಂದೂಕುಗಳು ಅವರನ್ನು ಎದುರಿಸಿದವು. ಆ ಒಂದು ದಿನ 57,470 ಮಂದಿ ಸಾವುನೋವಿಗೀಡಾದರು. ಅವರಲ್ಲಿ 19,240 ಮಂದಿ ಮೃತರು. ಒಂದೇ ಊರಿನ ಗೆಳೆಯರು ಒಟ್ಟಾಗಿ ಸೇರಿ ಕಟ್ಟಿದ ದಳಗಳು ಅಲ್ಲಿದ್ದುದರಿಂದ ದುಃಖವೂ ಊರುಗಳ ಮೇಲೆ ಒಟ್ಟಾಗಿಯೇ ಎರಗಿತು. ಸೆರ್ ಗ್ರಾಮದ ಮುಂದೆ ದಾಳಿಗಿಳಿದ ಆಕ್ರಿಂಗ್ಟನ್ ದಳದ ಸುಮಾರು 700 ಮಂದಿಯಲ್ಲಿ 584 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು.

ಇಂತಹ ದಿನವನ್ನು ನಿರೂಪಿಸಲು ಮಿಡ್ಲ್‌ಬ್ರೂಕ್ ಅನುಸರಿಸಿದ ಕ್ರಮ ಸರಳವಾದುದು. ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ, ಬದುಕುಳಿದಿದ್ದ ಸೈನಿಕರನ್ನು ಹುಡುಕಿದರು. ಐನೂರಕ್ಕೂ ಹೆಚ್ಚು ಮಂದಿಯಿಂದ ಅನುಭವಗಳನ್ನು ಸಂಗ್ರಹಿಸಿದರು. ಅವರಲ್ಲಿ ಜರ್ಮನ್ ಸೈನಿಕರೂ ಇದ್ದರು. ಅಂದಿಗೆ ಆ ಸೈನಿಕರು ಎಪ್ಪತ್ತರ ಆಸುಪಾಸಿನವರು. ಇನ್ನು ಕೆಲವು ವರ್ಷ ಕಳೆದಿದ್ದರೆ ಈ ಕಾರ್ಯ ಅಸಾಧ್ಯವಾಗುತ್ತಿತ್ತು. ಇದೇ ಕಾಲಕ್ಕೆ, 1967ರ ಕಾಯ್ದೆಯು ಬ್ರಿಟನ್ನಿನ ಸರ್ಕಾರಿ ದಾಖಲೆಗಳನ್ನು ಮುಚ್ಚಿಡುವ ಅವಧಿಯನ್ನು 50 ವರ್ಷಗಳಿಂದ 30ಕ್ಕೆ ಇಳಿಸಿತ್ತು. ಹೀಗೆ ಬರಹದ ದಾಖಲೆ ಮತ್ತು ಬಾಯಿಮಾತಿನ ಸಾಕ್ಷ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಆ ತಲೆಮಾರಿಗೆ ಒದಗಿತು.

ಐವತ್ತು ವರ್ಷಗಳ ಹಿಂದಿನ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಇಲ್ಲಿ ಏಳುವ ಮುಖ್ಯ ಪ್ರಶ್ನೆ. ನೆನಪು ವೇಳೆಯನ್ನು, ಸ್ಥಳವನ್ನು, ಘಟನೆಗಳ ಅನುಕ್ರಮವನ್ನು ತಪ್ಪಬಹುದು. ನಂತರ ಓದಿದ, ಕೇಳಿದ ಸಂಗತಿಗಳು ಅದರೊಡನೆ ಬೆರೆಯಬಹುದು. ಅಲ್ಲದೆ ಮಾತನಾಡಿದವರೆಲ್ಲ ಬದುಕುಳಿದವರು. ಮಡಿದವರ ಸಾಕ್ಷ್ಯ ಎಂದಿಗೂ ದೊರೆಯದು. ಆದರೆ ಬರಹದ ದಾಖಲೆಯೂ ದೋಷಮುಕ್ತವಲ್ಲ. ದಾಳಿಯ ಮರುದಿನ ಮಹಾದಂಡನಾಯಕ ಹೇಗ್ ತನ್ನ ದಿನಚರಿಯಲ್ಲಿ ಗುರುತಿಸಿಕೊಂಡ ಅಂದಾಜು 40,000ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಆದುದರಿಂದ ಎರಡು ಬಗೆಯ ಆಕರಗಳೂ ಪರಸ್ಪರ ಪರೀಕ್ಷೆಗೆ ಒಳಪಡಬೇಕು. ದಳದ ಚಲನೆ, ವೇಳೆ, ಸಂಖ್ಯೆಗಳಿಗೆ ದಾಖಲೆಯೇ ಆಧಾರ. ಸುಮಾರು 30 ಕಿಲೋ ಹೊರೆ ಹೊತ್ತು ತುಂಡಾಗದ ತಂತಿಯ ಮುಂದೆ ನಿಂತವನ ಅನುಭವಕ್ಕೆ ಸೈನಿಕನ ಮಾತೇ ಆಧಾರ.

ಮುಂದಿನ ಕೃತಿಗಳಲ್ಲಿ ಮಿಡ್ಲ್‌ಬ್ರೂಕ್ ಈ ಕ್ರಮವನ್ನು ವಿಸ್ತರಿಸಿದರು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ಮೇಲೆ ದಾಳಿಗೆ ಹೊರಟ 795 ಬ್ರಿಟಿಷ್ ವಿಮಾನಗಳಲ್ಲಿ 95 ನಾಶವಾದ ಸಂಗತಿಯನ್ನು 1973ರ ಗ್ರಂಥ ವಿವರಿಸಿತು. 1943ರ ಹ್ಯಾಂಬರ್ಗ್ ದಾಳಿಯನ್ನು ಕುರಿತ 1980ರ ಗ್ರಂಥದಲ್ಲಿ ಬಾಂಬು ಹಾಕಿದ ವೈಮಾನಿಕರೊಂದಿಗೆ ಅದರಡಿ ಸಿಲುಕಿದ ನಗರವಾಸಿಗಳೂ ಮಾತನಾಡುತ್ತಾರೆ. 1982ರ ಫಾಕ್‌ಲೆಂಡ್ಸ್ ಯುದ್ಧವನ್ನು ಬ್ರಿಟಿಷರ ಕಡೆಯಿಂದ ಬರೆದ ನಂತರ, ಅರ್ಜೆಂಟೀನಾದ ಯೋಧರ ಅನುಭವಗಳನ್ನು 1989ರಲ್ಲಿ ಪ್ರತ್ಯೇಕ ಗ್ರಂಥವಾಗಿಯೇ ಪ್ರಕಟಿಸಿದರು. ತನ್ನ ದೇಶದ ಶತ್ರುವಿನ ಮಾತಿಗೂ ಸಾಕ್ಷ್ಯದ ಸ್ಥಾನವನ್ನು ನೀಡಿದ್ದು ಅವರ ಸಾಧನೆಯ ವಿಶೇಷ.

ಪಶ್ಚಿಮ ರಣರಂಗದ ಕಂದಕಗಳಲ್ಲಿ ಹೋರಾಡಿದವರಲ್ಲಿ ಬದುಕುಳಿದಿದ್ದ ಕೊನೆಯ ಬ್ರಿಟಿಷ್ ಯೋಧ ಹ್ಯಾರಿ ಪ್ಯಾಚ್ 2009ರಲ್ಲಿ 111ನೆಯ ವಯಸ್ಸಿನಲ್ಲಿ ನಿಧನರಾದರು. ಮಿಡ್ಲ್‌ಬ್ರೂಕ್ 2024ರಲ್ಲಿ ತೀರಿಕೊಂಡರು. ಸೋಮ್ ಯುದ್ಧದ ಕಡತಗಳನ್ನು ಮುಂದಿನ ಸಂಶೋಧಕರು ಎಷ್ಟು ಬಾರಿಯಾದರೂ ತೆರೆದು ನೋಡಬಹುದು. ಅದರಲ್ಲಿ ಹೋರಾಡಿದವನನ್ನು ಮಾತ್ರ ಮತ್ತೆ ಪ್ರಶ್ನಿಸಲಾಗದು. ಆ ಕಾಲಾವಕಾಶವು ಮುಗಿಯುವ ಮುನ್ನ ಕೇಳಬೇಕಾದವರನ್ನು ಕೇಳಿ, ಹೇಳಿದುದನ್ನು ಪರೀಕ್ಷಿಸಿ ದಾಖಲಿಸಿದ್ದರಲ್ಲಿಯೇ ಅವರ ಕಾರ್ಯದ ಮಹತ್ವವಿದೆ.