280 ಅಶ್ವಶಕ್ತಿಯ ಎರಡು ದಾರಿ

ಜಪಾನಿನ ಕಾರು ತಯಾರಕರು 1980ರ ದಶಕದ ಕೊನೆಯಿಂದ 2004ರವರೆಗೆ ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದರು: ತಮ್ಮ ದೇಶದಲ್ಲಿ ರಸ್ತೆಗಿಳಿಸುವ ಯಾವ ಕಾರಿನ ಶಕ್ತಿಯೂ 280 ಅಶ್ವಶಕ್ತಿಯನ್ನು ಮೀರಬಾರದು. ಹೀಗಾಗಿ ಆ ಕಾಲದ ಎರಡು ಹೆಸರಾಂತ ಕಾರುಗಳು, ಮಜ್ದಾ ಆರ್‌ಎಕ್ಸ್-7 ಮತ್ತು ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಕಾರ್ಖಾನೆಯ ಕಾಗದದಲ್ಲಿ ಒಂದೇ ಅಂಕಿಯನ್ನು ಹೊತ್ತು ನಿಂತವು. ಸ್ಕೈಲೈನ್‌ನ ಎಂಜಿನ್ ಅದಕ್ಕಿಂತ ಹೆಚ್ಚು ಕೊಡುತ್ತದೆ ಎಂಬುದು ಬಲ್ಲವರಿಗೆಲ್ಲ ಗೊತ್ತಿತ್ತು, ಆ ಮಾತು ಬೇರೆ. ಆದರೆ ಶಕ್ತಿಯನ್ನು ಸಮ ಮಾಡಿ ಓಡಿಸಿದರೂ ಈ ಎರಡು ಕಾರುಗಳು ಒಂದೇ ತಿರುವನ್ನು ಒಂದೇ ರೀತಿ ದಾಟುವುದಿಲ್ಲ. ಇದನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಲು ಗ್ರಾನ್ ಟುರಿಸ್ಮೊ ಎಂಬ ವಿಡಿಯೊ ಆಟ ಸಾಕು.

ಕಜುನೊರಿ ಯಮೌಚಿ ಅವರ ತಂಡ ಕಟ್ಟಿದ ಈ ಆಟ ಪ್ಲೇಸ್ಟೇಷನ್‌ಗೆ ಬಂದದ್ದು 1997ರ ಡಿಸೆಂಬರಿನಲ್ಲಿ. ಪ್ರತಿ ಕಾರಿಗೂ ಅದರದೇ ತೂಕ, ಅದರದೇ ಎಂಜಿನ್ ಸ್ವಭಾವ, ಅದರದೇ ಚಾಲಕ ಗಾಲಿಗಳನ್ನು ಕೊಟ್ಟು ಲೆಕ್ಕ ಹಾಕಿಸಿದ್ದು ಇದರ ಹೆಗ್ಗಳಿಕೆ. 2022ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಈ ಎರಡೂ ಕಾರುಗಳ ಕೊನೆಯ ಮಾದರಿಗಳಿವೆ: ಆರ್‌ಎಕ್ಸ್-7 ಸ್ಪಿರಿಟ್ ಆರ್ ಮತ್ತು ಆರ್34 ಪೀಳಿಗೆಯ ಜಿಟಿ-ಆರ್ ವಿ-ಸ್ಪೆಕ್ 2 ನ್ಯೂರ್. ಎರಡರ ತಯಾರಿಕೆಯೂ ನಿಂತದ್ದು 2002ರಲ್ಲೇ.

ಮೊದಲು ಎಂಜಿನ್ ನೋಡೋಣ. ಜಿಟಿ-ಆರ್‌ನಲ್ಲಿರುವುದು ಸಾಲಾಗಿ ನಿಂತ ಆರು ಸಿಲಿಂಡರುಗಳ, ಗಾಳಿಯನ್ನು ಒತ್ತಿ ತುಂಬುವ ಎರಡು ಟರ್ಬೊಗಳ, 2568 ಸಿಸಿಯ ಎಂಜಿನ್. ಅದರ ಬ್ಲಾಕ್ ಎರಕದ ಕಬ್ಬಿಣದ್ದು. ಆರ್‌ಎಕ್ಸ್-7ರ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಕಲ್ಪಿಸಿದ ರೋಟರಿ ಎಂಜಿನ್ ಅದು. ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್ ತನ್ನ ಗೂಡಿನೊಳಗೆ ಸುತ್ತುತ್ತ, ಮೂರು ಮುಖಗಳಲ್ಲೂ ಗಾಳಿ ಎಳೆದುಕೊಂಡು, ಒತ್ತಿ, ಉರಿಸಿ, ಹೊರಗಟ್ಟುತ್ತದೆ. ಬೇರೆ ಕಂಪನಿಗಳು ಕೈಬಿಟ್ಟ ಈ ವಿನ್ಯಾಸವನ್ನು ಮಜ್ದಾದ ಎಂಜಿನಿಯರುಗಳು ದಶಕಗಳ ಕಾಲ ಹಟ ಹಿಡಿದು ಪಳಗಿಸಿದರು. 1991ರಲ್ಲಿ ಲೆ ಮಾನ್ 24 ಗಂಟೆಗಳ ಸ್ಪರ್ಧೆ ಗೆದ್ದ ಮಜ್ದಾ 787ಬಿ ಓಡಿದ್ದು ನಾಲ್ಕು ರೋಟರುಗಳ ಎಂಜಿನ್ನಿನಿಂದಲೇ. ರಸ್ತೆಯ ಆರ್‌ಎಕ್ಸ್-7ರಲ್ಲಿ ಇರುವುದು ಎರಡು ರೋಟರ್, ತಲಾ 654 ಸಿಸಿ, ಒಟ್ಟು 1308 ಸಿಸಿ.

ಅರ್ಧದಷ್ಟು ಗಾತ್ರದ ಎಂಜಿನ್ ಅಷ್ಟೇ ಶಕ್ತಿ ಕೊಡುವುದು ಹೇಗೆ? ಒಳಗೆ ಹೋಗುವ ಗಾಳಿಯ ಲೆಕ್ಕ ಹಾಕಿದರೆ ಗುಟ್ಟು ಬಯಲಾಗುತ್ತದೆ. ನಾಲ್ಕು ಹೊಡೆತಗಳ ಪಿಸ್ಟನ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಗಾಳಿ ಎಳೆಯುವುದು ತಿರುಗುವ ದಂಡದ (ಶಾಫ್ಟ್) ಎರಡು ಸುತ್ತಿಗೊಮ್ಮೆ. ಅಂದರೆ 2568 ಸಿಸಿಯ ಎಂಜಿನ್ ಒಂದು ಸುತ್ತಿಗೆ ನುಂಗುವುದು 1284 ಸಿಸಿ ಮಾತ್ರ. ರೋಟರಿಯಲ್ಲಾದರೋ ದಂಡದ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಮ್ಮೆ ಗಾಳಿ ಎಳೆಯುತ್ತದೆ: 1308 ಸಿಸಿ. ಟರ್ಬೊಗಳು ಒತ್ತಿ ತುಂಬುವ ಮುಂಚೆ ಎರಡರ ಉಸಿರೂ ಹೆಚ್ಚುಕಡಿಮೆ ಒಂದೇ! ಇಷ್ಟು ಬೇರೆಯಾದ ಎರಡು ಯಂತ್ರಗಳು ಒಳಗೊಳಗೇ ಹೀಗೆ ಒಂದಾಗುವುದು ಎಂಜಿನಿಯರಿಂಗ್‌ನ ಬೆರಗುಗಳಲ್ಲೊಂದು.

ಉಸಿರು ಒಂದಾದರೂ ಮೈ ಬೇರೆ. ರೋಟರಿ ಎಂಜಿನ್ ಗಿಡ್ಡ, ಹಗುರ. ಅದನ್ನು ಮುಂದಿನ ಅಚ್ಚಿಗಿಂತ ಹಿಂದಕ್ಕೆ, ಕಾರಿನ ನಡುವಿನತ್ತ ತಳ್ಳಿ ಕೂರಿಸಬಹುದು. ಆರ್‌ಎಕ್ಸ್-7ರ ಭಾರ ಮುಂದಕ್ಕೂ ಹಿಂದಕ್ಕೂ ಹತ್ತಿರ ಹತ್ತಿರ ಸಮನಾಗಿ ಹಂಚಿಹೋಗಿದೆ. ಜಿಟಿ-ಆರ್‌ನ ಉದ್ದ ಎಂಜಿನ್ ಮೂತಿಯಲ್ಲಿ ಕುಳಿತು ಮುಂದಿನ ಗಾಲಿಗಳನ್ನು ಹೆಚ್ಚು ಒತ್ತುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡವರು ಸರಕ್ಕನೆ ತಿರುಗಬಲ್ಲರು. ಅದನ್ನೇ ಕೈಚಾಚಿ ಹಿಡಿದರೆ ತಿರುಗುವುದೂ ಕಷ್ಟ, ತಿರುಗಿದ ಮೇಲೆ ನಿಲ್ಲುವುದೂ ಕಷ್ಟ. ಭೌತಶಾಸ್ತ್ರ ಇದನ್ನು ಜಡತ್ವದ ಮಹತ್ವ ಎನ್ನುತ್ತದೆ. ಆಟದಲ್ಲಿ ಸ್ಟೇರಿಂಗ್ ತುಸು ತಿರುಗಿಸಿದೊಡನೆ ಆರ್‌ಎಕ್ಸ್-7ರ ಮೂತಿ ಒಳಕ್ಕೆ ಬರುವುದು ಈ ಕಾರಣಕ್ಕೆ. ಜಿಟಿ-ಆರ್‌ನಲ್ಲಿ ಬ್ರೇಕನ್ನು ಬೇಗ ಒತ್ತಿ, ಭಾರವನ್ನು ಮುಂದಿನ ಟೈರುಗಳ ಮೇಲೆ ಇಳಿಸಿ, ತಾಳ್ಮೆಯಿಂದ ತಿರುಗಬೇಕು. ಅವಸರ ಮಾಡಿದರೆ ಮೂತಿ ಹೊರಕ್ಕೆ ಜಾರುತ್ತದೆ.

ಇನ್ನು ತೂಕ. ಸ್ಪಿರಿಟ್ ಆರ್‌ನ ಎರಡು ಸೀಟಿನ ಮಾದರಿ 1270 ಕಿಲೊ, ವಿ-ಸ್ಪೆಕ್ 2 ನ್ಯೂರ್ 1560 ಕಿಲೊ. ಗಂಟೆಗೆ 180 ಕಿಲೊಮೀಟರ್ ವೇಗದಲ್ಲಿ ಮೊದಲನೆಯದರಲ್ಲಿ ಸುಮಾರು 15.9 ಲಕ್ಷ ಜೌಲ್ ಚಲನಶಕ್ತಿ ಇರುತ್ತದೆ, ಎರಡನೆಯದರಲ್ಲಿ 19.5 ಲಕ್ಷ. ಕಾರು ನಿಲ್ಲಬೇಕಾದರೆ ಈ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಕರಗಬೇಕು. ತಿರುವಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮದಂತೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚಬೇಕು, ತೂಕದ ಭೇದ ಅಳಿಸಿಹೋಗಬೇಕು. ರಬ್ಬರು ಆ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಟೈರಿನ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಿಗಿಂತ ಕಡಿಮೆಯೇ ಹೆಚ್ಚುತ್ತದೆ. ಹಾಗಾಗಿ ಅದೇ ಟೈರಿನ ಮೇಲೆ ಹಗುರ ಕಾರು ತಿರುವಿನ ನಡುವೆ ತುಸು ಹೆಚ್ಚು ವೇಗ ಉಳಿಸಿಕೊಳ್ಳುತ್ತದೆ.

ಅಲ್ಲಿಗೆ ಆರ್‌ಎಕ್ಸ್-7 ಗೆದ್ದಿತೇ? ತಿರುವಿನಿಂದ ಹೊರಬರುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಒಂದು ಟೈರಿಗೆ ಇರುವ ಹಿಡಿತಕ್ಕೆ ಮಿತಿ ಇದೆ. ಕಾರನ್ನು ತಿರುಗಿಸುವ ಕೆಲಸ, ಮುಂದಕ್ಕೆ ನೂಕುವ ಕೆಲಸ, ಎರಡಕ್ಕೂ ಅದೇ ಹಿಡಿತ ಹಂಚಿಕೆಯಾಗಬೇಕು. ಆರ್‌ಎಕ್ಸ್-7ರಲ್ಲಿ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಟೈರುಗಳಿಗೇ ಹೋಗುತ್ತದೆ. ಜೊತೆಗೆ ಅದರ ಎರಡು ಟರ್ಬೊಗಳು ಒಂದರ ನಂತರ ಒಂದು ಕೆಲಸಕ್ಕಿಳಿಯುತ್ತವೆ. ನಿಮಿಷಕ್ಕೆ ಸುಮಾರು 4500 ಸುತ್ತಿನ ಹೊತ್ತಿಗೆ ಎರಡನೆಯದು ಸೇರಿಕೊಂಡಾಗ ಬಲ ಏರುತ್ತದೆ. ಆ ಗಳಿಗೆಯಲ್ಲಿ ಸ್ಟೇರಿಂಗ್ ಇನ್ನೂ ತಿರುಗಿದ್ದರೆ ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಜಿಟಿ-ಆರ್‌ನ ಅಟೆಸಾ ಎಂಬ ನಾಲ್ಕು ಗಾಲಿಗಳ ಚಾಲನಾ ವ್ಯವಸ್ಥೆ ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನೇ ಓಡಿಸುತ್ತದೆ. ಅವು ಜಾರತೊಡಗಿದ್ದನ್ನು ಸಂವೇದಕಗಳು ಹೇಳಿದೊಡನೆ ಕಂಪ್ಯೂಟರ್ ಒಂದು ಕ್ಲಚ್ಚನ್ನು ಒತ್ತಿ, ಹೆಚ್ಚೆಂದರೆ ಅರ್ಧದಷ್ಟು ಬಲವನ್ನು ಮುಂದಿನ ಗಾಲಿಗಳಿಗೆ ಕಳಿಸಬಲ್ಲದು. ನಾಲ್ಕು ಟೈರುಗಳು ಕೆಲಸ ಹಂಚಿಕೊಂಡ ಮೇಲೆ ಚಾಲಕ ಆಕ್ಸಲರೇಟರನ್ನು ಬೇಗ, ಪೂರ್ತಿ ಒತ್ತಬಹುದು.

ಆದ್ದರಿಂದ ಯಾವುದು ಮೇಲು ಎಂಬ ಪ್ರಶ್ನೆಗೆ ರಸ್ತೆಯನ್ನು ಬಿಟ್ಟು ಉತ್ತರವಿಲ್ಲ. ಟೋಕಿಯೊದ ಈಶಾನ್ಯಕ್ಕಿರುವ ತ್ಸುಕುಬಾ ಸರ್ಕಿಟ್ 2045 ಮೀಟರಿನದು. ಅಲ್ಲಿ ಬ್ರೇಕು, ತಿರುವು ಮತ್ತೆ ಮತ್ತೆ ಬರುವುದರಿಂದ ಹಗುರ ಮೈಗೆ ಲಾಭ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿಲೊಮೀಟರಿನ ಹಳೆಯ ಪಥದಲ್ಲಿ ಮಳೆ ಬಿದ್ದಾಗ, ಏರಿಳಿತ ಹತ್ತಿ ಇಳಿಯುವಾಗ, ನಾಲ್ಕು ಗಾಲಿಗಳ ಬಲವೇ ಕಾಪಾಡುವುದು. ಜಿಟಿ-ಆರ್‌ನ ಕೊನೆಯ ಮಾದರಿ ನ್ಯೂರ್ ಎಂಬ ಹೆಸರು ಪಡೆದದ್ದು ಇದೇ ಪಥದಿಂದ.

ಆಟದ ಲೆಕ್ಕವನ್ನು ನಂಬಬಹುದೇ ಎಂದು ಕೇಳುವವರಿಗೆ ಒಂದು ಉದಾಹರಣೆ ಇದೆ. ನಿಸ್ಸಾನ್ ಮತ್ತು ಪ್ಲೇಸ್ಟೇಷನ್ 2008ರಲ್ಲಿ ಆರಂಭಿಸಿದ ಜಿಟಿ ಅಕಾಡೆಮಿ ಈ ಆಟದ ಮೂಲಕವೇ ಚಾಲಕರನ್ನು ಆರಿಸಿತು. ಮೊದಲ ವಿಜೇತ, ಸ್ಪೇನಿನ ಲೂಕಾಸ್ ಒರ್ಡೊನ್ಯೆಸ್, 2011ರ ಲೆ ಮಾನ್‌ನಲ್ಲಿ ತನ್ನ ತಂಡದೊಂದಿಗೆ ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನ ಗಳಿಸಿದ.

ಮಕ್ಕಳು ಈ ಆಟದ ಮುಂದೆ ಕುಳಿತರೆ ಗದರುವ ಮುಂಚೆ ಅವರಿಗೊಂದು ಪ್ರಯೋಗ ಕೊಡಿ. ಎರಡೂ ಕಾರುಗಳಿಗೆ ಒಂದೇ ಬಗೆಯ ಟೈರು ಹಾಕಿ, ಶಕ್ತಿ ತಗ್ಗಿಸುವ ಸಾಧನದಿಂದ ಎಂಜಿನ್ನುಗಳನ್ನು ಸಮ ಮಾಡಿ ಓಡಿಸಲಿ. ಆಮೇಲೆ ಆರ್‌ಎಕ್ಸ್-7ಕ್ಕೆ ಹೆಚ್ಚುವರಿ ಭಾರ ಹೇರಿ, ಅದೇ ಭಾರವನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸರಿಸಿ ನೋಡಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ಬರೆದಿಟ್ಟುಕೊಳ್ಳುವುದು ಪ್ರಯೋಗಾಲಯದ ಮೊದಲ ಪಾಠ. ಬಲ, ಭಾರ, ಘರ್ಷಣೆ, ಜಡತ್ವಗಳನ್ನು ಬೆರಳ ತುದಿಯಲ್ಲಿ ಅನುಭವಿಸಿದ ಮಗುವಿಗೆ ನ್ಯೂಟನ್ನನ ನಿಯಮಗಳು ಮುಂದೆ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.